ನನ್ನ ಒಂದು ಓದಿಗೆ ನಿಮ್ಮ ಎರಡು ಕಡತ

ವಿದೇಶೀ ಪದವಿಗಳನ್ನು ಅಳೆದು ತೂಗುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದೇನೆ. ಓದಿಲ್ಲ ಎಂದು ನಿಮ್ಮ ಕಚೇರಿ ಬರೆದುಕೊಟ್ಟಿದೆ. ನನ್ನ ತಕರಾರು ಇಷ್ಟೇ. ಇದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದು ಕಳಿಸಿದೆ. ನಾಲ್ಕಕ್ಕೂ ‘ನಿಮ್ಮ ಪತ್ರ ತಲುಪಿದೆ’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ಐದನೆಯದನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಕೂಟದ ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಇದನ್ನೂ ಓದುವುದಿಲ್ಲ, ಗೊತ್ತು. ಈ ಸಲ ಓದದಿರುವುದಕ್ಕೆ ನಿಮಗೊಂದು ಸರಿಯಾದ ಕಾರಣವಾದರೂ ಇರಲಿ.

ನಾನು ಮಲ್ಪೆಯವನು. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ, ಹಿಡಿದ ಮೀನು ಕೆಡದಂತೆ ಕಾಯುವುದು ಹೇಗೆಂದು ಕಲಿಯಲು ಜಪಾನಿಗೆ ಹೋದೆ. ಶಿಮೊನೊಸೆಕಿ ಎಂಬ ಬಂದರಿನ ಊರಿನಲ್ಲಿ ಅಲ್ಲಿನ ಕೃಷಿ ಸಚಿವಾಲಯದ್ದೇ ಒಂದು ಮೀನುಗಾರಿಕಾ ಕಾಲೇಜಿದೆ. ಆ ದೇಶದ ಪದ್ಧತಿಯೇ ಹಾಗೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವುದು ಶಿಕ್ಷಣ ಸಚಿವಾಲಯ. ಆದರೆ ಹವಾಮಾನ ಹೇಳುವವರಿಗೆ ಹವಾಮಾನ ಇಲಾಖೆಯ ಕಾಲೇಜು, ಕರಾವಳಿ ಕಾಯುವವರಿಗೆ ಕರಾವಳಿ ಪಡೆಯ ಕಾಲೇಜು, ನಮ್ಮಂಥವರಿಗೆ ಕೃಷಿ ಸಚಿವಾಲಯದ್ದು. ಪಾಠ, ಪ್ರಯೋಗ, ಪರೀಕ್ಷೆ ಎಲ್ಲ ನಾಲ್ಕು ವರ್ಷವೇ. ಮುಗಿದಾಗ ಕಾಲೇಜು ‘ಇವನು ಓದಿ ಮುಗಿಸಿದ’ ಎಂದು ಒಂದು ಪತ್ರ ಕೊಡುತ್ತದೆ. ಪದವಿ ಕೊಡುವ ಅಧಿಕಾರ ಮಾತ್ರ ಅದಕ್ಕಿಲ್ಲ. ಅದಕ್ಕಾಗಿಯೇ ಇರುವ ಬೇರೊಂದು ಸರ್ಕಾರಿ ಸಂಸ್ಥೆ ನಮ್ಮ ಓದನ್ನು ಪರಿಶೀಲಿಸಿ ಪದವಿ ಪತ್ರ ಕೊಡುತ್ತದೆ. ಅನ್ನ ಒಬ್ಬರು ಬೇಯಿಸಿದರು, ಇನ್ನೊಬ್ಬರು ಬಡಿಸಿದರು. ಉಂಡವನಿಗೆ ಇದರಲ್ಲಿ ಗೊಂದಲವೇನೂ ಇರಲಿಲ್ಲ.

೧೯೯೪ರಲ್ಲಿ ಆ ಎರಡು ಪತ್ರ ಹಿಡಿದು ಊರಿಗೆ ಬಂದೆ. ಕಡಲ ಗಾಳಿಗೆ ಕಾಗದ ಉಳಿಯುವುದಿಲ್ಲವೆಂದು ನನ್ನ ಅಮ್ಮ ಕುಸುಮಾವತಿ ಮರುವಾರವೇ ಉಡುಪಿಗೆ ಹೋಗಿ ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ಒಂದೇ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದರು. ನಾನು ಕೂಗಾಡಿದೆ. ಅಮ್ಮ ತುಳುವಿನಲ್ಲಿ ಹೇಳಿದ್ದರ ಕನ್ನಡ ಇಷ್ಟು: “ಎರಡರಲ್ಲೂ ನಿನ್ನದೇ ಹೆಸರಲ್ವಾ ಮಗಾ? ಬೇರೆ ಬೇರೆ ಯಾಕೆ ಇಡುವುದು?” ನಮ್ಮ ಕಡೆ ಮಾರ್ಕ್ಸ್ ಕಾರ್ಡು, ಜಾತಕ, ದೇವರ ಪಟ ಯಾವುದೂ ಪ್ಲಾಸ್ಟಿಕ್ಕಿಗೆ ಹೋಗದೆ ಉಳಿಯುವುದಿಲ್ಲ ಸ್ವಾಮಿ. ೨೦೦೧ರಲ್ಲಿ ನಾನು ಈ ದೇಶಕ್ಕೆ ಬರುವಾಗ ಬೇರೊಂದು ಕಚೇರಿ ಅದನ್ನೇ ತಿರುಗಿಸಿ ಮುರುಗಿಸಿ ನೋಡಿ, ಇದು ಪದವಿಯೇ ಎಂದು ಒಪ್ಪಿತ್ತು. ಆರು ವರ್ಷದಲ್ಲಿ ನನ್ನ ಓದು ಹಳಸಿತೇ? ನಾನು ಮೀನಿನವನು, ಹಳಸಿದ್ದು ನನ್ನ ಮೂಗಿಗೆ ಮೊದಲು ಗೊತ್ತಾಗುತ್ತದೆ.

ನೀವು ಮಾತ್ರ ‘ದಾಖಲೆಯನ್ನು ಬದಲಾಯಿಸಲಾಗಿದೆ’ ಎಂದು ಬರೆದು ಪ್ಲಾಸ್ಟಿಕ್ಕನ್ನು ತಿರಸ್ಕರಿಸಿದಿರಿ. ಆಗಲಿ, ತಪ್ಪು ನಮ್ಮದು. ಕೊಟ್ಟವರಿಂದಲೇ ನೇರವಾಗಿ ಹೊಸ ಪ್ರತಿ ಬರಬೇಕು ಎಂದಿರಿ. ಬಂತು. ಶಿಮೊನೊಸೆಕಿಯಿಂದ ಒಂದು ಲಕೋಟೆ, ಟೋಕಿಯೋ ಕಡೆಯಿಂದ ಇನ್ನೊಂದು. ನಿಮ್ಮವರು ಎರಡು ಲಕೋಟೆಗೆ ಎರಡು ಕಡತ ತೆರೆದು ಇಬ್ಬರು ಅಧಿಕಾರಿಗಳಿಗೆ ಹಂಚಿದರು. ಮೊದಲನೆಯವರು ಬರೆದರು: ಇವನು ಓದಿದ್ದಾನೆ, ಆದರೆ ಓದಿಸಿದ ಸಂಸ್ಥೆ ಪದವಿ ಕೊಡುವುದಿಲ್ಲ. ಎರಡನೆಯವರು ಬರೆದರು: ಇವನಿಗೆ ಪದವಿ ಇದೆ, ಆದರೆ ಕೊಟ್ಟ ಸಂಸ್ಥೆಯಲ್ಲಿ ತರಗತಿಗಳೇ ಇಲ್ಲ, ಆದ್ದರಿಂದ ಓದಿಲ್ಲ. ಎರಡನ್ನೂ ಕೂಡಿಸಿ ನಿಮ್ಮ ಕಚೇರಿ ತೆಗೆದ ಉತ್ತರ: ಹೈಸ್ಕೂಲಿಗೆ ಸಮಾನ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಇಬ್ಬರು ದೇವರು ಕೊಟ್ಟದ್ದನ್ನು ಇಬ್ಬರು ಪೂಜಾರಿಗಳು ಹಂಚಿಕೊಂಡು ತಡೆದರು.

ಏಪ್ರಿಲಿನಲ್ಲಿ ಒಂದು ದಿನ ರಜೆ ಹಾಕಿ ರೆಸ್ಟನ್ನಿನ ನಿಮ್ಮ ಕಚೇರಿಗೇ ಬಂದೆ. ಒಂದೂವರೆ ಗಂಟೆ ಕಾದ ಮೇಲೆ ಹಿರಿಯ ಅಧಿಕಾರಿಯೊಬ್ಬರು ಸಿಕ್ಕರು. ಒಳ್ಳೆಯವರು, ನೀರು ಕೊಟ್ಟರು. ಶಿಕ್ಷಣ ಸಚಿವಾಲಯದ ಪಟ್ಟಿಯಲ್ಲಿಲ್ಲದ ಕಾಲೇಜು ಕಾಲೇಜಲ್ಲ, ಅದು ತರಬೇತಿ ಕೇಂದ್ರ ಎಂದು ತಾಳ್ಮೆಯಿಂದ ತಿಳಿಸಿ ಹೇಳಿದರು. ಅವರ ಬೆರಳಿನಲ್ಲಿ ದಪ್ಪನೆಯ ಉಂಗುರವಿತ್ತು. ಕೇಳಿದೆ. ಆನಾಪೊಲಿಸ್‌ನ ನೌಕಾ ಅಕಾಡೆಮಿಯದಂತೆ, ಹೆಮ್ಮೆಯಿಂದಲೇ ಹೇಳಿದರು. “ಅದನ್ನು ನಡೆಸುವುದು ನಿಮ್ಮ ಶಿಕ್ಷಣ ಇಲಾಖೆಯೋ ನೌಕಾಪಡೆಯೋ?” ಎಂದೆ. “ಅದು ಬೇರೆ ವಿಷಯ,” ಎಂದರು. ಹೇಗೆ ಬೇರೆ ಎಂದು ಕೇಳುವಷ್ಟರಲ್ಲಿ ಅವರಿಗೆ ಮೀಟಿಂಗ್ ಬಂತು. ಈಗ ನಿಮ್ಮನ್ನು ಕೇಳುತ್ತೇನೆ. ಹಡಗಿನವರು ಕಟ್ಟಿದ ಕಾಲೇಜು ನಿಮ್ಮ ಊರಿನಲ್ಲಿದ್ದರೆ ಅಕಾಡೆಮಿ, ಬೇರೆಯವರ ಊರಿನಲ್ಲಿದ್ದರೆ ತರಬೇತಿ ಕೇಂದ್ರವೇ?

ನನಗೆ ವಾದ ಗೆಲ್ಲುವ ಹಟವಿಲ್ಲ, ಸಾಕಾಗಿದೆ. ಸೆಪ್ಟೆಂಬರಿಗೆ ನನ್ನ ಆರು ವರ್ಷದ ವೀಸಾ ಮುಗಿಯುತ್ತದೆ. ನಾನು ಮೀನಿನ ಗುಣಮಟ್ಟ ನೋಡುವ ಕೆಲಸದಲ್ಲಿರುವ ಕಂಪನಿಯವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಲು ಸಿದ್ಧರಿದ್ದಾರೆ. ಅವರ ವಕೀಲರಿಗೆ ಬೇಕಿರುವುದು ನಿಮ್ಮ ಕಚೇರಿಯ ಒಂದು ಹಾಳೆ, ಈ ತಿಂಗಳೊಳಗೆ. ಬರದಿದ್ದರೆ ಎಲಿಕಾಟ್ ಸಿಟಿಯ ಮನೆ ಖಾಲಿ ಮಾಡಿ ಹೊರಡಬೇಕು. ಹೆಂಡತಿ ಉಷಾ ಹೇಳುತ್ತಾಳೆ, “ಮಾರಾಯ್ರೆ, ಆ ಲೆಟರನ್ನ ಎಷ್ಟು ಸಲ ಓದ್ತೀರಿ? ಹೋಗೋದಾದ್ರೆ ಹೋಗುವ. ನೀವು ಸ್ವಲ್ಪ ಊಟ ಮಾಡಿ.” ಹೋಗುವುದಕ್ಕೆ ನನಗೂ ಹೆದರಿಕೆಯಿಲ್ಲ. ಹೆದರಿಕೆ ಬೇರೆಯೇ ಇದೆ.

ಕಳೆದ ವಾರ ಒಂಬತ್ತು ವರ್ಷದ ಮಗಳು ನಿಕಿತಾ ಶಾಲೆಯಿಂದ ಒಂದು ಫಾರಂ ತಂದಳು. ತಂದೆಯ ವಿದ್ಯಾಭ್ಯಾಸ ಎಂಬ ಕಡೆ ಪೆನ್ಸಿಲ್ ನಿಂತಿತು. “ಪಪ್ಪಾ, ಕಾಲೇಜ್ ಅಂತ ಟಿಕ್ ಮಾಡ್ಲಾ?” ಇಲ್ಲಿ ವೀಸಾದ ಮೇಲೆ ಬದುಕುವ ನಮ್ಮಂಥವರಿಗೆ ಒಂದು ರೋಗವಿದೆ, ಮಾನ್ಯರೇ. ಒಂದು ಫಾರಮಿನಲ್ಲಿ ಬರೆದದ್ದು ಇನ್ನೊಂದಕ್ಕೆ ಹೊಂದದಿದ್ದರೆ ಎಲ್ಲಿ ಯಾರು ಹಿಡಿಯುತ್ತಾರೋ ಎಂಬ ದಿಗಿಲು. ಮೂರನೇ ಕ್ಲಾಸಿನ ಫಾರಮನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ ಎಂದು ಬುದ್ಧಿಗೆ ಗೊತ್ತು. ಬಾಯಿ ಮಾತ್ರ “ಹೈಸ್ಕೂಲ್ ಅಂತ ಹಾಕು ಮಗಾ” ಎಂದಿತು.

“ಬಟ್ ಯು ವೆಂಟ್ ಟು ಜಪಾನ್,” ಎಂದಳು.

“ಹೌದು, ಹೋಗಿದ್ದೆ. ಆದ್ರೂ ಹಾಗೇ ಹಾಕು.”

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹೇಳಿದ ಹಾಗೆಯೇ ಹಾಕಿದಳು. ನಾನು ಜಪಾನಿಗೆ ಹೋಗಿ ಏನು ಮಾಡಿದೆ ಎಂದು ಅವಳು ಈಗ ಅಂದುಕೊಂಡಿದ್ದಾಳೋ, ಕೇಳಲು ನನಗೆ ಬಾಯಿ ಬರುತ್ತಿಲ್ಲ. ಆ ಫಾರಮಿಗೆ ನಾನೇ ಸಹಿ ಹಾಕಿದೆ, ನಾಚಿಕೆಯಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಎರಡು ಕಡತಗಳನ್ನು ಒಂದೇ ಮೇಜಿಗೆ ತರಿಸಿ, ಒಬ್ಬರೇ ಕೂತು ಓದಿ. ಇವನು ಓದಿದ್ದಾನೆ, ಪದವಿ ಪಡೆದಿದ್ದಾನೆ ಎಂದು ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಅದು ತಿಂಗಳೊಳಗೆ ಬಂದರೆ ವಕೀಲರಿಗೆ. ತಡವಾದರೂ ಕಳಿಸಿ, ನಾವು ಊರಿಗೆ ಹೊರಟಿದ್ದರೂ ಸರಿ, ಅಲ್ಲಿಗೇ ಕಳಿಸಿ. ಅದನ್ನು ನಾನು ಮಗಳಿಗೆ ತೋರಿಸಬೇಕು.

ಇಂತಿ,
ನಿಮ್ಮ ಕಚೇರಿಯ ಪ್ರಕಾರವೂ, ಈಗ ನನ್ನ ಸಹಿಯ ಪ್ರಕಾರವೂ
ಹೈಸ್ಕೂಲಷ್ಟೇ ಓದಿದ
ಜಯಕರ ಮೆಂಡನ್
ಎಲಿಕಾಟ್ ಸಿಟಿ, ಮೇ ೨೦೦೭