ಇಪ್ಪತ್ತಮೂರನೇ ಅಡಿಟಿಪ್ಪಣಿ

ಮೇ ೬, ಸೋಮವಾರ

ಇಂದು ಉಪವಾಸ. ಮೌನವೂ. ಅಂಗಳ ಗುಡಿಸಿ, ನೀರು ತುಂಬಿ, ದೇವರ ಗೂಡು ಒರೆಸಿ, ದೀಪ ಹಚ್ಚಿದ್ದಾಯಿತು. ಇವರು ಹೊಲಿದ ಷರ್ಟುಗಳಿಗೆ ಗುಂಡಿಯ ಕಾಜಾ ಹಾಕಿಕೊಟ್ಟೆ. ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಇವರು ಮಷಿನ್ ತುಳಿಯುವ ಸದ್ದು ಅಡುಗೆಮನೆವರೆಗೂ ಬರುತ್ತದೆ.

ಸೋಮವಾರ ನನಗೆ ಊಟವಿಲ್ಲ, ಮಾತಿಲ್ಲ. ಮದುವೆಗೂ ಮುಂಚಿನಿಂದ ನಡೆಸಿಕೊಂಡು ಬಂದದ್ದು. ಹೇಳಲೇಬೇಕಾದದ್ದನ್ನು ಸ್ಲೇಟಿನಲ್ಲಿ ಬರೆಯುತ್ತೇನೆ. "ಅಕ್ಕ ಮಾತಾಡದ ದಿನವೇ ಜಾಸ್ತಿ ಮಾತಾಡ್ತಾರೆ" ಎಂದು ಓರಗಿತ್ತಿಯ ತಮಾಷೆ.

ಹಿಟ್ಟು ನಾದುತ್ತಿದ್ದೆ. ಮೈದುನ ಮಹಡಿಯಿಂದ ಇಳಿದು ಬಂದ. ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಾನೆ, ಇನ್ನೂ ಟೆಂಪರರಿ. ಕೈಯಲ್ಲಿ ಫಾರ್ಮು, ಪೆನ್ನು.

"ಅತ್ತಿಗೆ, ಇಲ್ಲೊಂದು ಸೈನ್ ಹಾಕಿಬಿಡಿ. ಓದೋದೇನೂ ಬೇಡ, ಬರೀ ಫಾರ್ಮಾಲಿಟಿ."

ಓದೋದು ಬೇಡ ಎಂದ ಮೇಲೆ ಓದದೆ ಇರಲು ನನ್ನಿಂದಾದೀತೇ? ಹಿಟ್ಟಿನ ಕೈ ತೋರಿಸಿ, ಅಲ್ಲಿಡು ಎಂದು ಸನ್ನೆ ಮಾಡಿದೆ. ಮುಖ ಸಣ್ಣದು ಮಾಡಿಕೊಂಡು ಇಟ್ಟು ಹೋದ.

ಮಾತಾಡದ ದಿನ ನೋಡಿಯೇ ತಂದಿದ್ದಾನೆ. ಇರಲಿ.

ಅದೇ ದಿನ, ಮಧ್ಯಾಹ್ನ

ಓದಿದೆ. ಐವತ್ತು ವರ್ಷಕ್ಕೂ ಹಿಂದೆ ಹಗ್ಗದ ಕಾರ್ಖಾನೆಗೆ ಬೆಂಕಿ ಬಿದ್ದು ಕೆಲಸದ ಹೆಂಗಸರು ಸತ್ತದ್ದರ ಬಗ್ಗೆ ಇವನದೊಂದು ಲೇಖನ, ದೊಡ್ಡ ಪತ್ರಿಕೆಯಲ್ಲಿ ಬರುವುದಿದೆ. ಅದರ ಒಂದು ಹಾಳೆ ಫಾರ್ಮಿಗೆ ಪಿನ್ ಮಾಡಿತ್ತು. ಮೇಲೆ ನಾಲ್ಕು ಸಾಲು ಕಥೆ, ಕೆಳಗೆ ಇರುವೆ ಸಾಲಿನ ಹಾಗೆ ಅಡಿಟಿಪ್ಪಣಿಗಳು. ಅದೇ, ಪುಟ ಇಷ್ಟು. ಅದೇ, ಪುಟ ಅಷ್ಟು. ಮೇಲೆ ಹೇಳಿದ ಪುಸ್ತಕವೇ ಎಂದು ಅರ್ಥವಂತೆ. ನಮ್ಮ ಮನೆ ಅಡುಗೆಗೂ ಹಾಗೇ ಬರೆಯಬಹುದು — ನಿನ್ನೆ ಬೇಳೆ, ಇಂದು ಅದೇ.

ಇಪ್ಪತ್ತಮೂರನೆಯದಕ್ಕೆ ಬಂದಾಗ ನಗು ನಿಂತಿತು.

"ಘಟನೆಯನ್ನು ಕಣ್ಣಾರೆ ಕಂಡ ಮಾಜಿ ಕಾರ್ಮಿಕ ಮಹಿಳೆ. ವಯಸ್ಸು ಸುಮಾರು ಎಪ್ಪತ್ತೈದು. ಹೆಸರು ಗೋಪ್ಯ. ಲೇಖಕರೊಂದಿಗೆ ಸಂದರ್ಶನ, ೧೯ ಫೆಬ್ರವರಿ."

ಆ ಮಹಿಳೆ ನಾನೇ ಎಂದು ಸೈನ್ ಹಾಕಬೇಕು. ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದದ್ದನ್ನು ಆಕೆ ನೋಡಿದಳಂತೆ.

ನನಗೆ ಐವತ್ತು. ಬೆಂಕಿ ಬಿದ್ದಾಗ ಹುಟ್ಟೇ ಇರಲಿಲ್ಲ. ಕಂಡವಳು ನನ್ನ ಅಮ್ಮ. ಕಿಟಕಿಯಿಂದ ಹಾರಿ ಬದುಕಿದವಳು. ತೀರಿಹೋಗಿ ಎಷ್ಟೋ ಕಾಲವಾಯಿತು. ಚಳಿಗಾಲದಲ್ಲಿ ಒಂದು ಸಂಜೆ ಬೇಳೆ ಆರಿಸುತ್ತಾ ಅಮ್ಮನ ಮಾತನ್ನು ಇವನಿಗೆ ಹೇಳಿದ್ದೆ. ಚಿಲಕ ಒಳಗಿನಿಂದ ಹಾಕಿತ್ತು ಎಂದೇ ಹೇಳಿದ್ದೆ. ಹಾಕಿಕೊಂಡವರು ಹೆಂಗಸರೇ.

ಗೋಡೆಯ ಕ್ಯಾಲೆಂಡರು ಹಿಂದಕ್ಕೆ ತಿರುವಿದೆ. ಫೆಬ್ರವರಿ ಹತ್ತೊಂಬತ್ತು — ಸೋಮವಾರ!

ಸೋಮವಾರ ನಾನು ಕೂತು ಇಂಟರ್ವ್ಯೂ ಕೊಟ್ಟೆನಂತೆ. ಜ್ವರ ಬಂದಾಗಲೂ, ಹೆರಿಗೆ ನೋವಿನಲ್ಲೂ ಬಿಡದ ಮೌನವನ್ನು ಇವನ ಫುಟ್‌ನೋಟಿಗೋಸ್ಕರ ಮುರಿದೆನಂತೆ.

ಸ್ಲೇಟಿನಲ್ಲಿ ಬರೆದು ಮೆಟ್ಟಿಲಿಗೆ ಒರಗಿಸಿದೆ: "ಸೈನ್ ಇಲ್ಲ. ನಾಳೆ ಮಾತಾಡುತ್ತೇನೆ. ಬಹಳ ಮಾತಾಡುತ್ತೇನೆ."

ಮೇ ೭, ಮಂಗಳವಾರ

ಮಾತಾಡಿದೆ.

"ನನಗೆ ಯಾವಾಗಪ್ಪಾ ಎಪ್ಪತ್ತೈದು ತುಂಬಿದ್ದು? ಒಂದು ಮಾತು ಹೇಳಿದ್ರೆ ಕೂದಲಿಗೆ ಬಣ್ಣ ಹಚ್ಚೋದಾದ್ರೂ ಬಿಡ್ತಿದ್ದೆ."

"ಅದು ನಿಮ್ಮ ತಾಯಿ ವಯಸ್ಸು ಅತ್ತಿಗೆ. ಬದುಕಿದ್ದಿದ್ರೆ ಅಷ್ಟಾಗ್ತಿತ್ತು. ಸತ್ತವರನ್ನ ಇಂಟರ್ವ್ಯೂ ಮಾಡಕ್ಕಾಗಲ್ವಲ್ಲ. ಅವರ ಬದಲಿಗೆ ನೀವು."

"ಮತ್ತೆ ಆ ಸೋಮವಾರ?"

"ತಾರೀಖು ಇಲ್ಲದಿದ್ರೆ ಫುಟ್‌ನೋಟ್ ನಿಲ್ಲಲ್ಲ. ಯಾವುದೋ ಒಂದು ಹಾಕಿದೆ."

"ಯಾವುದೋ ಒಂದು! ಏಳು ದಿನದಲ್ಲಿ ನನ್ನ ದೇವರಿಗೆ ಅಂತ ಇಟ್ಕೊಂಡಿರೋದು ಒಂದೇ. ನಿನ್ನ ಕೈಗೆ ಅದೇ ಸಿಕ್ತಾ?"

ತಲೆ ತಗ್ಗಿಸಿದ. ಓರಗಿತ್ತಿ ಮೆಟ್ಟಿಲ ಮೇಲಿಂದಲೇ ಹೇಳಿದಳು: "ಜೂನ್‌ನಲ್ಲಿ ಕಾಯಂ ಕೆಲಸದ ಇಂಟರ್ವ್ಯೂ ಇದೆ ಅಕ್ಕ. ಅಷ್ಟರೊಳಗೆ ಇದು ಅಚ್ಚಾಗಬೇಕು. ನಿಮಗೆ ಗೊತ್ತಿದ್ದೂ..."

ಗೊತ್ತು. ಅವನು ಲೇಖನಕ್ಕೆ ಕೂತಾಗ ಚಹಾ ಹೊತ್ತು ಮಹಡಿ ಹತ್ತಿದವಳು ನಾನೇ. ಪುಸ್ತಕದ ಹೆಸರು ಮೊದಲೋ, ಬರೆದವರ ಹೆಸರು ಮೊದಲೋ, ಇಸವಿ ಕಂಸದ ಒಳಗೋ ಹೊರಗೋ — ವಾರಗಟ್ಟಲೆ ಅದೇ ಗೋಳು. ಅಲ್ಪವಿರಾಮ ತಪ್ಪಿದ್ದಕ್ಕೆ ಎಡಿಟರು ಎಲ್ಲವನ್ನೂ ಒಮ್ಮೆ ವಾಪಸ್ ಕಳಿಸಿದ್ದರು. ಅಲ್ಪವಿರಾಮ ಕಂಡ ಕಣ್ಣಿಗೆ ಸುಳ್ಳು ಕಾಣಲಿಲ್ಲ.

ಮೇ ೯, ಗುರುವಾರ

ಮನೆಯಲ್ಲಿ ಈಗ ಎಲ್ಲರದೂ ಮೌನ, ನನ್ನನ್ನು ಬಿಟ್ಟು. ಓರಗಿತ್ತಿ ಲೋಟ ಕುಕ್ಕುತ್ತಾಳೆ.

ಇವರು ಅಳತೆ ಟೇಪು ಕೊರಳಲ್ಲೇ ಇಟ್ಟುಕೊಂಡು ಅಡುಗೆಮನೆಗೆ ಬಂದರು.

"ಒಂದು ಸೈನ್ ತಾನೇ? ಹಾಕಿ ಕೈ ತೊಳ್ಕೋ. ಆ ಸಣ್ಣಕ್ಷರ ಯಾರು ಓದ್ತಾರೆ?"

"ಯಾರೂ ಓದಲ್ಲ ಅಂದ್ರೆ ಯಾಕ್ರೀ ಸುಳ್ಳು ಬರೀಬೇಕು? ಅದನ್ನ ನೋಡಿ ನಾಳೆ ಇನ್ನೊಬ್ಬ ಬರೀತಾನೆ, ಅದೇ ಪುಟ ಅಂತ. ಅವನನ್ನ ನೋಡಿ ಮತ್ತೊಬ್ಬ. ಗಿರಾಕಿ ಬರದೇ ಅಳತೆ ಬರ್ಕೋತೀರಾ ನೀವು? ಅಮ್ಮನ ಅಳತೆ ಮಗಳ ಹೆಸರಲ್ಲಿ?"

"ನಿನ್ನ ಹತ್ರ ವಾದ ಮಾಡೋ ಬದಲು..." ಎಂದು ಹೊರಟವರು ಬದಲು ಏನೆಂದು ಹೇಳಲಿಲ್ಲ. ಮಷಿನ್ ಮಾತ್ರ ಜೋರಾಗಿ ತುಳಿದರು.

ಮೇ ೧೨, ಭಾನುವಾರ

ಮೈದುನ ಬಂದು ನೆಲದ ಮೇಲೆ ಕೂತ. ಮದುವೆಯಾಗಿ ನಾನು ಬಂದಾಗ ಹೀಗೇ ಕೂತು ಮಗ್ಗಿ ಒಪ್ಪಿಸುತ್ತಿದ್ದ. ಗದರಲು ಮನಸ್ಸಾಗಲಿಲ್ಲ.

"ಅತ್ತಿಗೆ, ನನ್ನ ಕೆಲಸದ ಮಾತು ಬಿಡಿ. ಕಾರ್ಖಾನೆಯವರು ಅವತ್ತೇ ರಿಪೋರ್ಟ್ ಬರೆದಿಟ್ಟಿದ್ದಾರೆ, ಹೆಂಗಸರ ಅಜಾಗರೂಕತೆ ಅಂತ. ಕಾಗದ ಇರೋದು ಅವರ ಹತ್ರ ಮಾತ್ರ. ಚಿಲಕ ಒಳಗಿನಿಂದ ಹಾಕಿತ್ತು ಅಂತ ನಾನೂ ಬರೆದ್ರೆ, ನೋಡಿ ನಾವು ಹೇಳಿರಲಿಲ್ವಾ ಅಂತಾರೆ. ಸತ್ತವರ ಪರವಾಗಿ ಯಾರಿದ್ದಾರೆ ಹೇಳಿ?"

ಈ ಮಾತು ಎದೆಗೆ ತಾಗಿತು. ಅವನು ಕೆಟ್ಟವನಲ್ಲ. ಸತ್ತ ಹೆಂಗಸರ ಮೇಲೆ ಅವನಿಗೆ ಮರುಕವಿದೆ, ಅದು ನಟನೆಯಲ್ಲ.

ಆಮೇಲೆ ಕೇಳಿದೆ. "ಚಿಲಕ ಯಾಕೆ ಹಾಕ್ಕೊಂಡ್ರು ಅಂತ ಅಮ್ಮ ಹೇಳಿದ್ದನ್ನೂ ಹೇಳಿದ್ದೆ. ಅದೆಲ್ಲಿ?"

ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದ.

"ಊಟದ ಹೊತ್ತಲ್ಲಿ ಮೇಸ್ತ್ರಿ ಒಳಗೆ ನುಗ್ತಿದ್ದ. ಬಾಯಲ್ಲಿ ಹೇಳಬಾರದ ಹಾಗೆ ಕೈ ಹಾಕ್ತಿದ್ದ. ಅವನ ಹೆದರಿಕೆಗೆ ಚಿಲಕ. ಅದನ್ನ ಯಾಕೆ ನುಂಗಿದೆ?"

"ಅದಕ್ಕೆ ಬೇರೆ ಯಾವ ಆಧಾರವೂ ಇಲ್ಲ ಅತ್ತಿಗೆ."

"ನಿನ್ನ ಬೀಗಕ್ಕಿದೆಯಾ?"

ಎದ್ದು ಹೋದ. ಬಾಗಿಲು ಹಾಕಿದ ಸದ್ದಿಗೆ ದೇವರ ದೀಪ ಅಲುಗಿತು.

ಮೇ ೧೩, ಸೋಮವಾರ

ಉಪವಾಸ. ಮೌನ. ಅಮ್ಮ ಕನಸಿನಲ್ಲಿ ಬಂದು ಏನಾದರೂ ಹೇಳಿಯಾಳು ಎಂದು ಕಾದಿದ್ದೆ. ಬರಲಿಲ್ಲ. ನನಗೇ ಬಿಟ್ಟಿದ್ದಾಳೆ.

ಮೇ ೧೭, ಶುಕ್ರವಾರ

ಫಾರ್ಮು ತಲುಪಲಿಲ್ಲವೆಂದು ಎಡಿಟರ್ ಫೋನು. ಮೈದುನ ಏನೇನೋ ತಡವರಿಸುತ್ತಿದ್ದ. ಕೈ ಚಾಚಿದೆ. ಕೊಟ್ಟ. ಹಿಡಿದುಕೊಡುತ್ತೇನೆ ಎಂದುಕೊಂಡಿದ್ದಾನೆ ಪಾಪ.

ಹೆಂಗಸಿನ ದನಿ, ಮೆತ್ತಗಿತ್ತು.

"ಸತ್ತವರ ಮಾತು ಅಡಿಟಿಪ್ಪಣಿಗೆ ಬರುತ್ತಾ ಮೇಡಂ?" ಎಂದೆ.

"ಬರುತ್ತಮ್ಮ. ತಾಯಿ ಹೇಳಿದ್ದು, ಮಗಳಿಂದ ಕೇಳಿದ್ದು ಅಂತ ಬಿಡಿಸಿ ಬರೀಬೇಕು. ಆದ್ರೆ ಕಂಡವರ ಮಾತಿನಷ್ಟು ತೂಕ ಇರಲ್ಲ. ಲೇಖನ ಮತ್ತೆ ಪರಿಶೀಲನೆಗೆ ಹೋಗುತ್ತೆ, ಈ ಸಂಚಿಕೆಗೆ ಸಿಗಲ್ಲ. ಯಾಕಮ್ಮಾ?"

"ಉತ್ತರ ಬರೆದು ಕಳಿಸ್ತೀನಿ" ಎಂದು ಫೋನು ಅವನ ಕೈಗೇ ಕೊಟ್ಟೆ.

"ಈ ಸಂಚಿಕೆ ತಪ್ಪಿದ್ರೆ ಜೂನ್ ತಪ್ಪಿತು ಅತ್ತಿಗೆ. ಇನ್ನೊಂದು ಅವಕಾಶ ಯಾವಾಗ ಬರುತ್ತೋ."

"ಗೊತ್ತಪ್ಪಾ. ತೂಕ ಕಮ್ಮಿಯಾದ್ರೆ ಆಗಲಿ. ಅಮ್ಮನ ತೂಕ ಅಷ್ಟೇ ಅಂತ ಇರಲಿ. ಕಲ್ಲು ಸೇರಿಸಿ ಜಾಸ್ತಿ ಮಾಡಬೇಡ."

ಮೇ ೧೯, ಭಾನುವಾರ, ಸಂಜೆ

ಬರೆದೆ. ಅವರ ಫಾರ್ಮಿನಲ್ಲಿ ಅಲ್ಲ, ನನ್ನ ಹಾಳೆಯಲ್ಲಿ. ಕಂಸ, ಅಲ್ಪವಿರಾಮ ನನಗೆ ತಿಳಿಯದು. ಅದನ್ನು ಅವರು ಹಾಕಿಕೊಳ್ಳಲಿ.

ಮೊದಲು ಅಮ್ಮನ ಪೂರ್ತಿ ಹೆಸರು. ಗೋಪ್ಯವಿಲ್ಲ, ಅವಳಿಗೆ ಯಾರ ಹೆದರಿಕೆಯೂ ಈಗಿಲ್ಲ. ಕಂಡದ್ದು ಅವಳು. ಕೇಳಿದ್ದು ಮಗಳು, ಮತ್ತೆ ನನ್ನ ಹೆಸರು, ವಯಸ್ಸು ಐವತ್ತು. ಮೈದುನನಿಗೆ ಹೇಳಿದ್ದು ಚಳಿಗಾಲದ ಒಂದು ಸಂಜೆ, ತಾರೀಖು ನೆನಪಿಲ್ಲ, ಸೋಮವಾರ ಖಂಡಿತ ಅಲ್ಲ. ಚಿಲಕ ಒಳಗಿನಿಂದ. ಯಾಕೆ ಎಂಬುದೂ, ಅಮ್ಮ ಹೇಳಿದ ಮಾತಿನಲ್ಲೇ. ಹೊರಗೆ ಬೀಗವಿತ್ತೋ ಇಲ್ಲವೋ, ಅಮ್ಮ ಹೇಳಿಲ್ಲ, ನನಗೆ ಗೊತ್ತಿಲ್ಲ.

ಓದಿ ನೋಡಿದೆ. ಮೊದಲ ಸಲ ಅಮ್ಮನ ಹೆಸರು ಬರೆದದ್ದು ಅನಿಸಿತು. ಅಮ್ಮ ಎಂದೇ ಕರೆದವಳು ಹೆಸರು ಯಾವಾಗ ಬರೆದೇನು.

ಮೇ ೨೦, ಸೋಮವಾರ, ಬೆಳಿಗ್ಗೆ

ಉಪವಾಸ. ಮೌನ. ದೀಪ ಹಚ್ಚಿಯಾಯಿತು. ಮಹಡಿಯಲ್ಲಿ ಗಂಡ ಹೆಂಡಿರ ಪಿಸುಮಾತು. ನಾನು ಎದ್ದದ್ದು ಅವರಿಗೆ ಗೊತ್ತು.

ಇವರು ಪೋಸ್ಟಿಗೆ ಹಾಕಿ ಬರಲೇ ಎಂದರು. ಬೇಡ ಎಂದು ತಲೆಯಾಡಿಸಿದೆ. ಲೇಖನ ಬರೆದವನೇ ಕಳಿಸಬೇಕು. ಲಕೋಟೆ ಅಂಟಿಸಿಲ್ಲ. ಅವನು ಓದಲಿ. ಹರಿದು ಹಾಕಿದರೆ ಇನ್ನೊಂದು ಬರೆಯುತ್ತೇನೆ, ಮತ್ತೆ ಹರಿದರೆ ಮತ್ತೊಂದು. ಹಾಳೆ ಬೇಕಾದಷ್ಟಿದೆ.

ಸ್ಲೇಟು ಒರೆಸಿ ಬರೆದೆ. ಅಕ್ಷರ ದಪ್ಪಗೆ, ಮೆಟ್ಟಿಲಿನಿಂದಲೇ ಕಾಣುವ ಹಾಗೆ:

"ಉತ್ತರ ದೇವರ ಗೂಡಿನಲ್ಲಿದೆ. ಬೇರೆ ಯಾರೂ ಮುಟ್ಟಬೇಡಿ. ಮೈದುನನೇ ಬಂದು ತೆಗೆದುಕೊಂಡು ಹೋಗಲಿ. ಕಾಲು ತೊಳೆದುಕೊಂಡೇ ಬರಲಿ."