ಬಸವಣ್ಣನ ಫೋಟೋ ಹಾಕಿದ ಗೋಡೆ

ಗೋಕಾಕ
೧೪ ಜುಲೈ ೨೦೨೪

ಪ್ರೀತಿಯ ಸೋಮಣ್ಣನಿಗೆ ತಂಗಿ ರಾಜೇಶ್ವರಿಯ ಶರಣು.

ಕಾಗದ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಒಬ್ಬರು ಮಾತಾಡಿದ್ದು ಎಲ್ಲರಿಗೂ ಕೇಳುತ್ತದೆ. ಅದು ನಿನಗೆ ಗೊತ್ತಿದ್ದದ್ದೇ. ಕಟ್ಟಿಸಿದವನೂ ನೀನೇ, ನಮಗೆ ಮಾರಿದವನೂ ನೀನೇ. ಬೆಲ್ಲದ ಬಾಗೇವಾಡಿಯಲ್ಲಿ ಮಳೆ ಹೇಗಿದೆ? ವೈನಿಯ ಮೊಣಕಾಲು ನೋವು ಇಳಿಯಿತೇ?

ಮಳೆ ಜೋರಾಗುವ ಮೊದಲು ಮನೆಗೆ ವಿಮೆ ಮಾಡಿಸಬೇಕೆಂದು ನಮ್ಮ ಮನೆಯವರು ಹಟ ಹಿಡಿದಿದ್ದರು. ಹೋದ ವಾರ ವಿಮೆ ಕಂಪನಿಯ ಸಾಹೇಬರು ನೋಡಲು ಬಂದರು. ಎಲ್ಲ ನೋಡಿ, ಪಡಸಾಲೆಯ ಬಸವಣ್ಣನ ಫೋಟೋದ ಮುಂದೆ ನಿಂತರು. ಗೃಹಪ್ರವೇಶದ ದಿನ ನೀನೇ ತಂದು, ಕೈಯಾರೆ ಮೊಳೆ ಹೊಡೆದು ತೂಗುಹಾಕಿದ್ದೆಯಲ್ಲ, ಅದೇ.

“ಇಷ್ಟ್ ಕೆಳಗ ಯಾಕ ಹಾಕೀರಿ?” ಎಂದರು. ಅತ್ತೆ ಅಂದಿನಿಂದ ಗೊಣಗುತ್ತಿದ್ದದ್ದೂ ಇದನ್ನೇ. ಆದರೂ ಸಾಹೇಬರು ಕೈಚಾಚಿದ್ದೇ ತಡ, ಅತ್ತೆ “ಬೂಟ್ ಬಿಚ್ಚಿ, ಕೈಕಾಲ್ ತೊಳ್ಕೊಂಡ್ ಬಂದ್ ಮುಟ್ರಿ” ಎಂದು ಗದರಿದರು. ಪಾಪ, ತೊಳೆದುಕೊಂಡು ಬಂದರು.

ಫೋಟೋದ ಹಿಂದೆ ಬಿರುಕು. ನನ್ನ ಬೆರಳು ಹೋಗುವಷ್ಟು ಅಗಲ. ಮೆತ್ತಿದ್ದ ಸಿಮೆಂಟು ಮತ್ತೆ ಬಾಯಿ ಬಿಟ್ಟಿದೆ.

“ಪಾಯಾ ಕುಂತೈತ್ರಿ. ಇದು ಹಳೇದು. ಮನಿ ತೊಗೊಳ್ಳುವಾಗ ಗೊತ್ತಿತ್ತೇನ್ರಿ? ಗೊತ್ತಿದ್ರ ಈ ಗ್ವಾಡಿಗೆ ವಿಮೆ ಇಲ್ರಿ. ಗೊತ್ತಿರ್ಲಿಲ್ಲಂದ್ರ ಮಾರಿದವರನ್ನ ಕೇಳಬೇಕಾಗ್ತೈತಿ.”

“ನಮಗ್ಯಾರ್ ಹೇಳ್ಯಾರ್ರಿ?” ಎಂದು ಇವರು ದನಿ ಏರಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದೆ: “ನಮ್ಮಣ್ಣ ನನಗ ಮೊದಲ ಹೇಳಿದ್ದ್ರಿ. ನಾನ ಇವರಿಗೆ ಹೇಳಿರ್ಲಿಲ್ಲ.”

ಸಾಹೇಬರು ಬರೆದುಕೊಂಡು ಹೋದರು. ಆ ಗೋಡೆ ಬಿಟ್ಟು ಉಳಿದ ಮನೆಗೆ ವಿಮೆ ಆಗುತ್ತದಂತೆ. ಗೋಡೆ ಬಿದ್ದ ಮೇಲೆ ಉಳಿದ ಮನೆ ಎಲ್ಲಿ ನಿಂತಿರುತ್ತದೋ, ಕಂಪನಿಯವರೇ ಬಲ್ಲರು. ಅತ್ತೆಯ ಹಾಸಿಗೆಯನ್ನು ಪಡಸಾಲೆಯಿಂದ ಒಳಗಿನ ಕೋಣೆಗೆ ಹಾಕಿದ್ದೇವೆ. ಫೋಟೋ ಈಗ ದೇವರ ಜಗಲಿಯ ಮೇಲಿದೆ.

ಪಂಚಮಿಯ ಉಂಡಿಗೆ ಇಷ್ಟು ಬೇಗ ಅವಸರ ಮಾಡಬೇಡವೆಂದು ವೈನಿಗೆ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ. ಎಲ್ಲರೂ ಸುಖವಾಗಿರಿ.

ನಿನ್ನ ತಂಗಿ,
ರಾಜೇಶ್ವರಿ

ತಾ.ಕ.: ಅಂದಿನಿಂದ ಇವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಕೊನೆಗೆ ಆಡಿದ್ದು ಇಷ್ಟೇ: “ನಿಮ್ಮಣ್ಣ ಖರೆ ಮನಷ್ಯಾ. ಮುಚ್ಚಿಟ್ಟಾಕಿ ನೀನ.” ಬಹಳ ನೋವಾಯಿತು, ಆದರೂ ಹೌದೆಂದೆ. ನೀನು ನನಗೆ ಏನನ್ನೂ ಹೇಳಿರಲಿಲ್ಲ, ಅಣ್ಣಾ. ಇವರ ಮುಂದೆ ಆ ಮಾತನ್ನು ನೀನೇ ಹೇಳುವುದಾದರೆ, ಪಂಚಮಿಗೆ ನನ್ನನ್ನು ಕರೆಯಲು ಬಾ.