ಎರಡು ಸರಪಳಿ, ಎರಡು ಕೊಂಡಿ

೧೦-೧-೧೯೪೪, ಸೋಮವಾರ
ಸ್ನಾನ. ಸಂಧ್ಯಾವಂದನೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ... ತಿಂದೆ. ಆಂಡಾಳ್ ಹೋಗಿ ನಾಲ್ಕು ತಿಂಗಳು. ಹೆಂಡತಿ ಸತ್ತರೆ ಗಂಡಸು ಅಳುತ್ತಾನಂತೆ. ನನಗೆ ಅಳು ಬಂದಿಲ್ಲ.

ಥರ್ಡ್ ಕ್ಲಾಸಿನ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋದೆ. ಬೋರ್ಡಿನ ಮೇಲೆ ತಲೆಗೆ ಹತ್ತದ ಲೆಕ್ಕ ಅಳತೆ ಸರಪಳಿ ಹಿಡಿದರೆ ಹತ್ತುತ್ತದೆ. ನೂರು ಕೊಂಡಿ, ಅರವತ್ತಾರು ಅಡಿ. ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ. ಮಳೆಗಾಲದಲ್ಲಿ ತುಂಡಾಗಿತ್ತು. ಮೆಕ್ಯಾನಿಕ್ ನಜೀರ್ ಅಹ್ಮದ್ ಜೋಡಿಸಿ ನಮ್ಮ ಮನೆ ಜಗಲಿ ಮೇಲಿಟ್ಟು ಹೋಗಿದ್ದ. ದೀಪಾವಳಿ ಹೊತ್ತಿಗೆ ಅವನೂ ತೀರಿಕೊಂಡ.

ಶಾಲೆಯ ಹಿಂದೆ ಅವನದೇ ಮನೆ. ಅದರ ನಿವೇಶನವನ್ನೇ ಅಳೆದೆವು. ಹೆಂಡತಿ ಮಹಬೂಬ್ ಬೀ ಕೋಳಿಗಳನ್ನು ಓಡಿಸಿ ದಾರಿ ಬಿಟ್ಟಳು. "ಅಳ್ಕಳಿ ಮೇಷ್ಟ್ರೇ. ಮಕ್ಳು ಕಲ್ತ್ಕಳ್ಲಿ."

ಅಡುಗೆಮನೆ ಗೋಡೆಯವರೆಗೆ ಉದ್ದ ಎರಡು ಸರಪಳಿ, ಎರಡು ಕೊಂಡಿ.

೧೭-೧-೪೪
ಚರಂಡಿ ಕೆಲಸಕ್ಕೆ ಬಂದ ಪುರಸಭೆಯ ಓವರ್ಸಿಯರ್ ಚಲುವನಾರಾಯಣ ಕ್ಲಾಸಿಗೆ ಇಣುಕಿದ. ಬೋರ್ಡಿನ ಮೇಲೆ ಮಕ್ಕಳು ಬರೆದ ನಜೀರ್ ನಿವೇಶನದ ನಕ್ಷೆ.
"ನಮ್ಮ ದಾಖಲೇಲಿ ಎರಡೇ ಸರಪಳಿ ಇದೆಯಲ್ಲ ಸ್ವಾಮಿ? ಒಂದು ರುಜು ಹಾಕಿ ಕೊಡಿ. ನಾನು ಬಿಸಿಲಲ್ಲಿ ಅಳೆಯೋದು ತಪ್ಪುತ್ತೆ."
ಹಾಕಿದೆ. ಯಾಕೆ ಎಂದು ಕೇಳಲಿಲ್ಲ.

೨-೨-೪೪
ಮಹಬೂಬ್ ಬೀ ನೋಟೀಸು ತಂದಳು. ಓದಿ ಹೇಳಿದೆ. ಅಡುಗೆಮನೆ ಗೋಡೆ ಹದಿನಾರು ಅಂಗುಲ ಚರಂಡಿ ಜಾಗದಲ್ಲಿದೆ, ಎಂಟು ದಿನದಲ್ಲಿ ತೆಗೆಯತಕ್ಕದ್ದು.
"ನಮ್ಮೋರೇ ಅಳ್ದು ಬುನಾದಿ ಆಕಿದ್ದು. ಒಂದಂಗ್ಲಾನೂ ಎಚ್ಗಿಲ್ಲ ಅಂತಿದ್ರು."
"ಸರಪಳಿ ಸುಳ್ಳು ಹೇಳೋದಿಲ್ಲಮ್ಮ."
ಮಡಿಸಿಕೊಂಡು ಹೋದಳು. ನನಗೆ ಏನೂ ಅನ್ನಿಸಲಿಲ್ಲ. ಅದೇ ಸ್ವಲ್ಪ ಹೆದರಿಕೆ.

೮-೨-೪೪, ಸಂಜೆ
ಬಯಲಿನಲ್ಲಿ ದೇವಿರಮ್ಮ ಸುಮ್ಮನೆ ಕೂತು ಕೊಂಡಿ ಎಣಿಸುತ್ತಿದ್ದಳು. ಜಾಣೆ ಹುಡುಗಿ.
"ಸಾ, ಈ ಬಿಲ್ಲೆಯಿಂದ ಆ ಬಿಲ್ಲೆಗೆ ಒಂಬತ್ತೇ ಅವೆ."
ಬೈದೆ. ಆಮೇಲೆ ನಾನೇ ಎಣಿಸಿದೆ. ಒಂಬತ್ತು. ಜೋಡಿಸುವಾಗ ನಜೀರ್ ಮುರಿದ ಕೊಂಡಿ ತೆಗೆದುಹಾಕಿದ್ದಾನೆ, ಬದಲಿಗೆ ಬೇರೆ ಹಾಕಿಲ್ಲ.

ಸರಪಳಿ ಒಂದು ಕೊಂಡಿ ಗಿಡ್ಡ. ಎರಡು ಸಲ ಎಳೆದರೆ ಎರಡು ಕೊಂಡಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಹದಿನಾರು ಅಂಗುಲ. ಅವಳ ಗೋಡೆ ಸರಿಯಾಗಿಯೇ ಇದೆ.

ರಿಪೇರಿಯಾದ ಸರಪಳಿಯನ್ನು ಮೊದಲು ಎಣಿಸಬೇಕು — ವರ್ಷವೂ ನಾನೇ ಪಾಠ ಹೇಳುತ್ತೇನೆ.

ಕಚೇರಿಗೆ ಹೋದೆ. ಓವರ್ಸಿಯರ್ ಮದ್ದೂರಿಗೆ ಕ್ಯಾಂಪು. ಅಲ್ಲಿಗೆ ಹೋಗುವ, ಇದ್ದಿಲಿನಲ್ಲಿ ಓಡುವ ಬಸ್ಸು ಆಗಲೇ ಹೊರಟಿತ್ತು. ವಾಪಸು ಬರುವಾಗ ಹಾಯೆನಿಸಿತು, ನಿಜ. ಸುಳ್ಳು ಅಳತೆಗೆ ರುಜು ಹಾಕಿದ ಮೇಷ್ಟ್ರಿಗೆ ಕೆಲಸ ಉಳಿಯುತ್ತದೆಯೇ? ನಾಳೆ ಹೇಳಿದರಾಯಿತು.

೯-೨-೪೪
ಸ್ನಾನ. ಊಟ. ಶಾಲೆ. ಕಚೇರಿಗೆ ಹೋಗಲಿಲ್ಲ.

೧೦-೨-೪೪, ಮಧ್ಯಾಹ್ನ
ಎರಡನೇ ಪೀರಿಯಡ್ಡಿನಲ್ಲಿ ಹಾರೆಯ ಸದ್ದು. ಸರಪಳಿ ಹೆಗಲಿಗೆ ಹಾಕಿಕೊಂಡು ಓಡಿದೆ. ಕಚೇರಿಯ ಆಳುಗಳಲ್ಲ, ಅವಳೇ. ಅವರು ಬಂದರೆ ಇಟ್ಟಿಗೆ ಪುಡಿಯಾಗುತ್ತವೆಂದು ತಾನೇ ಬಿಚ್ಚಿ ಜೋಡಿಸಿಡುತ್ತಿದ್ದಳು. ಮುಕ್ಕಾಲು ಗೋಡೆ ಇಳಿದಿತ್ತು. ಒಲೆ ಬಿಸಿಲಿನಲ್ಲಿತ್ತು.

"ನಿಲ್ಸಮ್ಮ" ಎಂದೆ.
"ಬುಡಿ ಮೇಷ್ಟ್ರೇ. ನೀವ್ ಅಳ್ದ್ ಮ್ಯಾಕೆ ಸರಿಯಾಗೇ ಇರ್ತದೆ. ನಮ್ಮೋರ್ಗೇ ಲೆಕ್ಕ ತಪ್ಪೈತೆ."
"ಅವನಿಗೆ ತಪ್ಪಿಲ್ಲ. ನನಗೆ..."
ಹಾರೆ ಹಿಡಿದುಕೊಂಡೇ ನನ್ನ ಮುಖ ನೋಡುತ್ತ ನಿಂತಳು. ಸರಪಳಿ ಹೆಗಲ ಮೇಲಿಟ್ಟುಕೊಂಡೇ ಶಾಲೆಗೆ ತಿರುಗಿದೆ.

ಅದೇ ದಿನ, ೪ ಗಂಟೆ
ಕಚೇರಿಗೆ ಅರ್ಜಿ ಬರೆಯಲು ಕೂತಿದ್ದೇನೆ. ಇಲ್ಲೇ ಮೊದಲು ಕರಡು.

"ತಾ. ೧೭-೧-೪೪ರಂದು ನಾನು ರುಜು ಮಾಡಿದ ಅಳತೆ ತಪ್ಪು. ಗೋಡೆ ಮೊದಲಿದ್ದ ಜಾಗವೇ ಸರಿ. ಸರಪಳಿಯಲ್ಲಿ ಒಂದು ಕೊಂಡಿ ಕಡಿಮೆ ಇದ್ದು, ರಿಪೇರಿ ಮಾಡಿದ ನಜೀರ್..."

ಇಲ್ಲ. ಅವನ ಹೆಸರು ಬೇಡ. ಹೊಡೆದುಹಾಕಿದೆ.

"ಸರಪಳಿ ವಾಪಸು ಬಂದ ದಿನ ನಾನು ಕೊಂಡಿಗಳನ್ನು ಎಣಿಸಲಿಲ್ಲ. ಕಾರಣ, ಆ ದಿನ ಬೆಳಗ್ಗೆ ಆಂಡಾಳ್ ತೀರಿ..."